ಇಳಿಜಾರು ಮಾಡಿನ ಹಾಲ್‌ಗೆ ಲೈಟ್ ಎಲ್ಲಿ ಹಾಕ್ಬೇಕು, ಎಷ್ಟು ಹಾಕ್ಬೇಕು?

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ಮ ಹಳೇ ಹಂಚಿನ ಮನೆ ಬಿಚ್ಚಿ ಹೊಸದಾಗಿ ಕಟ್ಟಿಸ್ತಾ ಇದೀವಿ. ಹಾಲ್ 18 ಅಡಿ ಅಗಲ, 22 ಅಡಿ ಉದ್ದ. ಗೋಡೆ 10 ಅಡಿ, ಮಾಡಿನ ನೆತ್ತಿ 15 ಅಡಿ ಮೇಲೆ ಬರತ್ತೆ. ಹಳೇ ಮನೆಯ 3 ಹಲಸಿನ ತೊಲೆಗಳನ್ನೇ ಗೋಡೆಯಿಂದ ಗೋಡೆಗೆ ಅಡ್ಡ ಕೂರ್ಸಿದೀವಿ. ಕಬ್ಬಿಣದ ಫ್ರೇಮ್, ಒಳಗಡೆ ಕಾಣೋ ಹಾಗೆ ಮಣ್ಣಿನ ಸೀಲಿಂಗ್ ಹಂಚು, ಅದರ ಮೇಲೆ ಮಂಗಳೂರು ಹಂಚು. ಎಲೆಕ್ಟ್ರಿಷಿಯನ್ ಇಳಿಜಾರಿಗೆ ಜಿಪ್ಸಮ್ ಬೋರ್ಡ್ ಹೊಡ್ಸಿ 12 ಡೌನ್‌ಲೈಟ್ (ಸೀಲಿಂಗ್ ಒಳಗೆ ಹುದುಗಿಸೋ ಲೈಟು) ಹಾಕೋಣ ಅಂತಾರೆ. ನಮ್ಮನೆಯವ್ರಿಗೆ ಮಧ್ಯದಲ್ಲಿ ದೊಡ್ಡ ಶಾಂಡ್ಲಿಯರ್ ಬೇಕು. ಅತ್ತೆಗೆ 74 ವರ್ಷ, ಸಂಜೆ ಪೇಪರ್ ಓದೋಕೆ ಬೆಳಕು ಸಾಲ್ತಾ ಇಲ್ಲ ಅಂತಾರೆ. ನಂಗೆ ಹಂಚು ಮುಚ್ಚೋಕೆ ಮನಸ್ಸಿಲ್ಲ. ಏನ್ ಮಾಡೋದು?

ಉತ್ತರ: ಹಂಚು ಮುಚ್ಚಬೇಡಿ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇಡೀ ಮಲೆನಾಡಲ್ಲಿ ಈಗ ಇದೇ ನಡೀತಿದೆ, ಲಕ್ಷಗಟ್ಟಲೆ ಖರ್ಚು ಮಾಡಿ ಚೆಂದದ ಮಾಡು ಮಾಡ್ಸೋದು, ಆಮೇಲೆ ಲೈಟ್ ಕೂರ್ಸೋಕೆ ಜಾಗ ಬೇಕು ಅನ್ನೋ ಒಂದೇ ಕಾರಣಕ್ಕೆ ಅದರ ಕೆಳಗೆ ಬಿಳಿ ಬೋರ್ಡ್ ಹೊಡ್ಯೋದು. ಚೆಂದದ ಮಾತು ಬಿಡಿ, ಹಂಚಿನ ಮಾಡಿನ ಕೆಳಗೆ ಜಿಪ್ಸಮ್ ಹಾಕಿದ್ರೆ ಮಳೆಗಾಲದಲ್ಲಿ ಯಾವ ಹಂಚು ಒಡ್ದಿದೆ, ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತೇ ಆಗಲ್ಲ, ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಕಲೆ ಕಟ್ಟತ್ತೆ, ಬೋರ್ಡ್ ಉಬ್ಬತ್ತೆ, ಮಧ್ಯದ ಸಂದಿಲಿ ಇಲಿ ಸಂಸಾರ ಹೂಡತ್ತೆ. ಮಂಗ ಹಾರೋ ಊರಲ್ಲಿ ಹಂಚು ಒಡ್ಯೋದಂತೂ ಇದ್ದಿದ್ದೇ.

ನಿಮ್ಮ ಎಲೆಕ್ಟ್ರಿಷಿಯನ್ ಲೆಕ್ಕದಲ್ಲಿ ತಪ್ಪಿಲ್ಲ ಅಂತ್ಲೂ ಹೇಳ್ಬೇಕು. ನಿಮ್ಮ ಹಾಲ್ 396 ಚದರಡಿ, ಹತ್ರ ಹತ್ರ 37 ಚದರ ಮೀಟರ್. ಕೂತು ಮಾತಾಡೋ ಹಾಲ್‌ಗೆ 150 ಲಕ್ಸ್ (ಒಂದು ಚದರ ಮೀಟರ್ ಜಾಗಕ್ಕೆ ಬೀಳೋ ಬೆಳಕಿನ ಅಳತೆ) ಅಂತ ಹಿಡಿದ್ರೆ ಕೆಳಗೆ ಬಂದು ಬೀಳ್ಬೇಕಾದ ಬೆಳಕು ಸುಮಾರು 5500 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ). ಆದ್ರೆ ಬಲ್ಬಿಂದ ಹೊರಟ ಬೆಳಕೆಲ್ಲ ಕೆಳಗೆ ಬರಲ್ಲ, ಎತ್ತರದ ಕೆಂಪು ಮಾಡಿನ ರೂಮಲ್ಲಿ ಮೇಲಿನಿಂದ ಬಿಟ್ಟ ಬೆಳಕಲ್ಲಿ ಅರ್ಧಕ್ಕಿಂತ ಕಮ್ಮಿನೇ ಕೆಳಗೆ ತಲುಪೋದು. ಹಾಗಾಗಿ 11ರಿಂದ 14 ಸಾವಿರ ಲ್ಯೂಮೆನ್ ಬೇಕಾಗತ್ತೆ. 12 ವ್ಯಾಟ್‌ನ ಒಂದು ಡೌನ್‌ಲೈಟ್ ಸಾವಿರ ಚಿಲ್ಲರೆ ಲ್ಯೂಮೆನ್ ಕೊಡತ್ತೆ, 12 ಹಾಕಿದ್ರೆ ಲೆಕ್ಕ ಕೂಡತ್ತೆ. ತೊಂದ್ರೆ ಇರೋದು ಅವು ಕೂತ್ಕೊಳ್ಳೋ ಜಾಗದ್ದು, ಮುಖ ಮಾಡೋ ದಿಕ್ಕಿನದ್ದು.

ಚಪ್ಪಟೆ ಸ್ಲ್ಯಾಬ್‌ಗೆ ಮಾಡಿರೋ ಡೌನ್‌ಲೈಟ್ ಇಳಿಜಾರಿಗೆ ಕೂರ್ಸಿದ್ರೆ ಅದು ನೆಲ ನೋಡಲ್ಲ. ನಿಮ್ಮ ಅಳತೆ ಪ್ರಕಾರ ಮಾಡು ಸುಮಾರು 30 ಡಿಗ್ರಿ ಇಳಿಜಾರು ಇದೆ, ಅಂದ್ರೆ ಲೈಟ್ ಕೂಡ 30 ಡಿಗ್ರಿ ವಾಲಿಕೊಂಡೇ ಇರತ್ತೆ, ಎಡಗಡೆ ಮಾಡಿನ ಲೈಟು ಬಲಗಡೆ ಸೋಫಾದಲ್ಲಿ ಕೂತವರ ಕಣ್ಣಿಗೆ, ಬಲಗಡೆದು ಎಡಗಡೆಯವರ ಕಣ್ಣಿಗೆ. ಸಾಮಾನ್ಯ ಪ್ಯಾನೆಲ್ ಲೈಟ್‌ನ ಬೆಳಕು ಅಗಲಕ್ಕೆ ಹರಡೋದ್ರಿಂದ ವಾಲಿದಾಗ ಅದರ ಅಂಚಿನ ಬೆಳಕು ಹೆಚ್ಚೂಕಮ್ಮಿ ಅಡ್ಡಕ್ಕೇ ಬರತ್ತೆ. ರೂಮ್ ತುಂಬ ಲೈಟ್ ಇದ್ರೂ ಕಣ್ಣು ಕಿರಿದು ಮಾಡ್ಕೊಂಡು ಕೂರೋ ಪರಿಸ್ಥಿತಿ. ಎದುರಿನವರ ಮುಖ ನೋಡೋಕೆ ತಲೆ ಎತ್ತಿದ್ರೆ ಲೈಟೇ ಕಾಣೋದು. ವಯಸ್ಸಾದವ್ರಿಗೆ, ಅದ್ರಲ್ಲೂ ಕಣ್ಣಲ್ಲಿ ಪೊರೆ ಶುರುವಾಗಿರೋರಿಗೆ ಇದು ನಿಜವಾಗ್ಲೂ ಹಿಂಸೆ.

ಇನ್ನೊಂದು ಎತ್ತರದ ಲೆಕ್ಕ. ಬೆಳಕಿನಿಂದ ದೂರ ಎರಡು ಪಟ್ಟಾದ್ರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗ ಆಗತ್ತೆ. ನೆತ್ತಿಲಿ 15 ಅಡಿ ಮೇಲೆ ಒಂದು ಬಲ್ಬ್ ಇದೆ ಅನ್ಕೊಳಿ, ಕೂತವರ ತೊಡೆ ಮೇಲಿನ ಪೇಪರ್ ನೆಲದಿಂದ ಎರಡೂವರೆ ಅಡಿ ಮೇಲೆ, ಮಧ್ಯ ಹನ್ನೆರಡೂವರೆ ಅಡಿ ದೂರ. ಅದೇ ಬಲ್ಬನ್ನ ಎಂಟೂವರೆ ಅಡಿಗೆ ಇಳಿಸಿದ್ರೆ ದೂರ ಬರೀ 6 ಅಡಿ. ಅದೇ ವ್ಯಾಟ್, ಅದೇ ಕರೆಂಟು, ಪೇಪರ್ ಮೇಲೆ ನಾಲ್ಕು ಪಟ್ಟಿಗಿಂತ ಜಾಸ್ತಿ ಬೆಳಕು. ಎತ್ತರದ ಮಾಡಿನ ಮನೆಗೆ ಲೈಟ್ ಕೇಳಿದವ್ರಿಗೆಲ್ಲ ನಾನು ಹೇಳೋದು ಇದೊಂದೇ: ದುಡಿಯೋ ಬೆಳಕನ್ನ ಮನುಷ್ಯರು ಇರೋ ಎತ್ತರಕ್ಕೆ ಇಳಿಸಿ, ಮಾಡಿಗೆ ಬೇರೆಯಾಗಿ ಸ್ವಲ್ಪವೇ ಸ್ವಲ್ಪ ಬೆಳಕು ಕೊಡಿ. ಎರಡನ್ನೂ ಒಂದೇ ಲೈಟಲ್ಲಿ ಮಾಡೋಕೆ ಹೋದ್ರೆ ಎರಡೂ ಕೆಡತ್ತೆ.

ನಿಮ್ಮ ಅದೃಷ್ಟ ಅಂದ್ರೆ ಆ 3 ತೊಲೆಗಳು. ಕರೆಕ್ಟಾಗಿ 10 ಅಡಿಗೆ ಇವೆ, 22 ಅಡಿ ಉದ್ದದಲ್ಲಿ ಸಮ ಹಂಚಿದ್ರೆ ಐದೂವರೆ ಅಡಿಗೊಂದು ಬರತ್ತೆ. ನಿಮ್ಮ ಸೀಲಿಂಗ್ ಅಂದ್ರೆ ಅವೇ ಅಂತ ತಿಳ್ಕೊಳಿ. ಮೊದಲ್ನೇ ಮತ್ತು ಮೂರನೇ ತೊಲೆಯ ಪಕ್ಕಕ್ಕೆ ತಲಾ ಮೂರು ಸ್ಪಾಟ್‌ಲೈಟ್ ಹಾಕ್ಸಿ, ತಿರುಗಿಸೋಕೆ ಬರೋ ಸಿಲಿಂಡರ್ ಥರದ್ದು, 9 ವ್ಯಾಟ್ ಸಾಕು. ಟ್ರ್ಯಾಕ್ (ಸ್ಪಾಟ್‌ಗಳನ್ನ ಸಿಕ್ಕಿಸಿ ಸರಿಸೋಕೆ ಬರೋ ಪಟ್ಟಿ) ಹಾಕ್ಸಿದ್ರೂ ಆಗತ್ತೆ, ಆಮೇಲೆ ಸೋಫಾ ಜಾಗ ಬದ್ಲಾಯ್ಸಿದ್ರೆ ಲೈಟ್ ಕೂಡ ಸರಿಸ್ಬಹುದು, ಆದ್ರೆ ಹಳೇ ಹಲಸಿನ ತೊಲೆಗೆ ಕಪ್ಪು ಟ್ರ್ಯಾಕ್ ನಂಗೆ ಅಷ್ಟು ಒಪ್ಪಲ್ಲ, ಬಿಡಿ ಸ್ಪಾಟ್‌ಗಳೇ ಚೆನ್ನ.

ಸ್ಪಾಟ್ ತಗೊಳ್ಳುವಾಗ ವ್ಯಾಟ್ ಮಾತ್ರ ಕೇಳ್ಬೇಡಿ, ಬೀಮ್ ಆ್ಯಂಗಲ್ ಕೇಳಿ, ಅಂದ್ರೆ ಬೆಳಕು ಎಷ್ಟು ಅಗಲಕ್ಕೆ ಹರಡತ್ತೆ ಅನ್ನೋ ಕೋನ. ತೊಲೆಯಿಂದ ಕೂತವರ ಕೈಗೆ ಏಳೂವರೆ ಅಡಿ, 36 ಡಿಗ್ರಿದಾದ್ರೆ ಅಲ್ಲಿ ಸುಮಾರು 5 ಅಡಿ ಅಗಲದ ಬೆಳಕಿನ ವೃತ್ತ ಬೀಳತ್ತೆ, 24 ಡಿಗ್ರಿದು 3 ಅಡಿ ಚಿಲ್ಲರೆ, 60 ಡಿಗ್ರಿದು ಎಂಟೂವರೆ ಅಡಿ ದಾಟತ್ತೆ. ಕೂರೋ ಜಾಗಕ್ಕೆ 36 ಸರಿ. ಗೋಡೆ ಮೇಲೆ ಹಿರಿಯರ ಫೋಟೋ, ದೇವರ ಪಟ ಏನಾದ್ರೂ ಇದ್ರೆ ಅಲ್ಲಿಗೆ 24. ಓಡಾಡೋ ಜಾಗಕ್ಕೆ 60. ಬಲ್ಬಿನ ಮುಖ ಒಳಗೆ ಒಂದೆರಡು ಇಂಚು ಹುದುಗಿರೋ ಮಾಡೆಲ್ ತಗೊಳಿ, ಪಕ್ಕದಿಂದ ನೋಡಿದ್ರೆ ಕಣ್ಣಿಗೆ ಚುಚ್ಚಬಾರ್ದು.

ಮಾಡಿಗೆ ಬೆಳಕು ಯಾಕೆ ಬೇಕು ಅಂದ್ರೆ, ಕೆಳಗೆ ಮಾತ್ರ ಲೈಟ್ ಇದ್ದು ಮೇಲೆ ಪೂರ್ತಿ ಕತ್ತಲೆ ಇದ್ರೆ ರಾತ್ರಿ ಹೊತ್ತು ತಲೆ ಮೇಲೆ ಬಾವಿ ಬೋರಲು ಹಾಕಿದ ಹಾಗೆ ಅನ್ಸತ್ತೆ. ಅಷ್ಟು ಎತ್ತರ ಇಟ್ಟು ಕಟ್ಸಿದ್ದಕ್ಕೆ ಅರ್ಥಾನೇ ಇರಲ್ಲ. ಇದಕ್ಕೆ ಎಲ್ಲರೂ ಮಾಡೋದು ಗೋಡೆ ತುದಿಲಿ ಎಲ್‌ಇಡಿ ಸ್ಟ್ರಿಪ್ ಅಂಟ್ಸೋದು. ಆದ್ರೆ ಗೋಡೆ ತುದಿಲಿ ಹಂಚು ತೀರಾ ಹತ್ರ ಇರತ್ತಲ್ಲ, ಅಲ್ಲಿ ಒಂದು ಗೆರೆ ಮಾತ್ರ ಉರಿದ ಹಾಗೆ ಕಾಣತ್ತೆ, ನೆತ್ತಿ ಕಡೆ ಕತ್ತಲೆ ಹಾಗೇ ಇರತ್ತೆ, ಜೊತೆಗೆ ಹಂಚಿನ ಏರುತಗ್ಗೆಲ್ಲ ನೆರಳಾಗಿ ಎದ್ದು ಕಾಣತ್ತೆ. ನೀವು ಸ್ಟ್ರಿಪ್‌ನ ತೊಲೆಗಳ ಬೆನ್ನ ಮೇಲೆ ಹಾಕ್ಸಿ, ಮುಖ ಮೇಲಕ್ಕೆ. ಕೆಳಗಿಂದ ನೋಡೋರಿಗೆ ಸ್ಟ್ರಿಪ್ ಕಾಣೋದೇ ಇಲ್ಲ, ತೊಲೆನೇ ಮರೆ ಮಾಡತ್ತೆ. ಪೂರ್ತಿ 18 ಅಡಿ ಬೇಡ, ಎರಡೂ ತುದಿಲಿ 4 ಅಡಿ ಬಿಟ್ಟು ಮಧ್ಯದ 10 ಅಡಿ ಸಾಕು, ತುದಿಗೆ ಹೋದಷ್ಟೂ ಹಂಚು ಹತ್ರ ಬಂದು ಮತ್ತದೇ ಗೆರೆ ಸಮಸ್ಯೆ. 10 ಅಡಿ ಅಂದ್ರೆ 3 ಮೀಟರ್, ಇಷ್ಟು ಉದ್ದಕ್ಕೆ ವೋಲ್ಟೇಜ್ ಇಳಿದು ಒಂದು ತುದಿ ಮಂಕಾಗೋ ಭಯ ಇಲ್ಲ. ಆದ್ರೂ 12 ವೋಲ್ಟ್‌ಗಿಂತ 24 ವೋಲ್ಟ್ ಸ್ಟ್ರಿಪ್ ತಗೊಳಿ. ಮೀಟರ್‌ಗೆ 5 ವ್ಯಾಟ್‌ದು ಧಾರಾಳ. ಬರೀ ಸ್ಟ್ರಿಪ್ ಅಂಟಿಸ್ಬೇಡಿ, ಅಂಟು ನಮ್ಮ ತೇವಕ್ಕೆ ಎರಡು ಮಳೆಗಾಲ ತಡೆಯಲ್ಲ, ಅಲ್ಯೂಮಿನಿಯಮ್ ಪ್ರೊಫೈಲ್ (ಉದ್ದನೆ ತೋಡಿನ ಪಟ್ಟಿ) ಒಳಗೆ ಕೂರ್ಸಿ ಮೇಲೆ ಹಾಲುಬಣ್ಣದ ಕವರ್ ಹಾಕ್ಸಿ.

ಒಂದು ಮಾತು ನೆನಪಿಡಿ, ಈ ಮೇಲಿನ ಬೆಳಕನ್ನ ನಂಬಿ ಕೆಳಗಿನ ಲೈಟ್ ಕಮ್ಮಿ ಮಾಡ್ಬೇಡಿ. ಬಿಳಿ ಬಣ್ಣದ ಸೀಲಿಂಗ್ ಬಿದ್ದ ಬೆಳಕಲ್ಲಿ ನೂರಕ್ಕೆ 80 ಭಾಗ ವಾಪಸ್ ಕಳಿಸತ್ತೆ, ಕೆಂಪು ಹಂಚು, ಕಪ್ಪು ಮರ ಇರೋ ಕಡೆ 20-30 ಬಂದ್ರೆ ಹೆಚ್ಚು. ಇಂಟರ್‌ನೆಟ್‌ನಲ್ಲಿ ಕಾಣೋ ಫೋಟೋಗಳಲ್ಲಿ ಇಳಿಜಾರು ಸೀಲಿಂಗಿಗೆ ಬೆಳಕು ಬಿಟ್ಟು ಇಡೀ ರೂಮ್ ಬೆಳಗಿಸಿರ್ತಾರಲ್ಲ, ಅವೆಲ್ಲ ಬಿಳಿ ಸೀಲಿಂಗ್, ನಮ್ಮ ಹಂಚಿಗೆ ಆ ಉಪಾಯ ನಡೆಯಲ್ಲ. ಆದ್ರೆ ಗೋಡೆ ನಿಮ್ಮ ಕೈಲಿದೆ, ಗೋಡೆಗೆ ತಿಳಿ ಬಣ್ಣ ಹೊಡ್ಸಿ, ಸುಣ್ಣದ ಬಿಳಿ ಅಥವಾ ತೆಳು ಕೆನೆ ಬಣ್ಣ, ಅಲ್ಲಿಂದ ಸಾಕಷ್ಟು ಬೆಳಕು ವಾಪಸ್ ಸಿಗತ್ತೆ.

ಈಗ ಅತ್ತೆಯವ್ರ ವಿಷ್ಯ. ಇದು ನಂಗೆ ಶಾಂಡ್ಲಿಯರ್‌ಗಿಂತ ಮುಖ್ಯ. 20 ವರ್ಷದವರ ಕಣ್ಣೊಳಗೆ ಹೋಗೋ ಬೆಳಕಲ್ಲಿ 60 ದಾಟಿದವರ ಕಣ್ಣಿಗೆ ಹೋಗೋದು ಮೂರರಲ್ಲಿ ಒಂದು ಭಾಗ ಅಂತ ಲೆಕ್ಕ, ಪಾಪೆ ಚಿಕ್ಕದಾಗತ್ತೆ, ಒಳಗಿನ ಮಸೂರ ಹಳದಿ ತಿರುಗತ್ತೆ. ಹಾಗಾಗಿ ಅವರು ಬೆಳಕು ಸಾಲ್ತಿಲ್ಲ ಅಂದ್ರೆ ಅದು ಗೊಣಗಾಟ ಅಲ್ಲ, ನಿಮಗೆ ಸಾಕಾಗಿರೋ ಬೆಳಕಲ್ಲಿ ಅವ್ರಿಗೆ ನಿಜವಾಗ್ಲೂ ಕಾಣಲ್ಲ. ಇಡೀ ಹಾಲ್‌ನ ಅವರ ಕಣ್ಣಿಗೆ ಬೇಕಾದಷ್ಟು ಬೆಳಗಿಸೋಕೆ ಹೋಗ್ಬೇಡಿ, ಉಳಿದವ್ರಿಗೆ ಅದು ಜಾಸ್ತಿ ಆಗತ್ತೆ. ಅವರು ಕೂರೋ ಕುರ್ಚಿ ಯಾವ್ದು ಅಂತ ಈಗ್ಲೇ ಕೇಳಿ, ಅದರ ಹಿಂದಿನ ಗೋಡೆಲಿ, ಕೂತಾಗ ಭುಜದಿಂದ ಒಂದೂವರೆ ಎರಡು ಅಡಿ ಮೇಲೆ, ತಿರುಗಿಸೋಕೆ ಬರೋ ಕೈ ಇರೋ ಒಂದು ವಾಲ್ ಲೈಟ್ ಹಾಕ್ಸಿ, 7 ಅಥವಾ 9 ವ್ಯಾಟ್, ಬಲ್ಬ್ ಕಣ್ಣಿಗೆ ಕಾಣದ ಹಾಗೆ ಶೇಡ್ ಇರ್ಲಿ. ಪೇಪರ್ ಮೇಲೆ 500 ಲಕ್ಸ್ ದಾಟೋದು ಅಷ್ಟು ಹತ್ರದಿಂದ ಸುಲಭ. ಸ್ವಿಚ್ ಕುರ್ಚಿಲಿ ಕೂತೇ ಕೈಗೆ ಸಿಗ್ಬೇಕು, ಬಾಗಿಲ ಹತ್ರ ಬೇಡ. ಅವರು ಕೂರೋ ಕಡೆಯಿಂದ ಬಾತ್‌ರೂಮ್ ದಾರಿಗೆ ನೆಲದ ಹತ್ರ ಒಂದು ಸಣ್ಣ ಫುಟ್‌ಲೈಟ್ ಕೂಡ ಹಾಕ್ಸಿ, ರಾತ್ರಿ ಎದ್ದಾಗ ದೊಡ್ಡ ಲೈಟ್ ಹಾಕೋ ಅಗತ್ಯ ಬೀಳಲ್ಲ, ಹೊಸಿಲು ಎಡವೋದು ತಪ್ಪತ್ತೆ.

ಬಣ್ಣದ ವಿಷ್ಯದಲ್ಲಿ ನಮ್ಮ ಕಡೆ ಒಂದು ಹಟ ಇದೆ, ಬೆಳ್ಳಗಿದ್ರೇನೆ ಬೆಳಕು ಅಂತ ಎಲ್ಲ ಕಡೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಕಮ್ಮಿ ಇದ್ದಷ್ಟೂ ಹಳದಿ, ಹೆಚ್ಚಿದಷ್ಟೂ ನೀಲಿ ಬಿಳುಪು) ಹಾಕೋದು. ಆ ನೀಲಿ ಬಿಳುಪಲ್ಲಿ ಕೆಂಪು ಹಂಚು ಸತ್ತ ಕಂದು ಬಣ್ಣಕ್ಕೆ ತಿರುಗತ್ತೆ, ಹಲಸಿನ ಮರದ ಹೊನ್ನಿನ ಬಣ್ಣ ಮಾಯ ಆಗತ್ತೆ. ಮಾಡಿಗೆ 2700 ಅಥವಾ 3000, ಸ್ಪಾಟ್‌ಗಳಿಗೆ 3000, ಅತ್ತೆಯವರ ಓದೋ ಲೈಟಿಗೆ ಮಾತ್ರ ಬೇಕಿದ್ರೆ 4000. ಸಿಆರ್‌ಐ (ಬಣ್ಣಗಳನ್ನ ಇದ್ದ ಹಾಗೇ ತೋರ್ಸೋದಕ್ಕೆ ನೂರಕ್ಕೆ ಕೊಡೋ ಅಂಕ) 90 ಇರೋದು ಸಿಕ್ರೆ ಬಿಡ್ಬೇಡಿ. 80 ಅಂತ ಬರ್ದಿರೋ ಎಷ್ಟೋ ಎಲ್‌ಇಡಿಗಳು ಕಡು ಕೆಂಪನ್ನ ತೋರ್ಸೋದ್ರಲ್ಲಿ ತೀರಾ ಹಿಂದೆ, ಆರ್9 ಅಂತ ಬೇರೆ ಅಂಕಿ ಇರತ್ತೆ ಅದಕ್ಕೆ. ಇಡೀ ಮಾಡೇ ಕೆಂಪಾಗಿರೋ ಮನೆಗೆ ಆ ಅಂಕಿ ಕೇಳಿ ತಗೊಳ್ಳೋದು ಒಳ್ಳೇದು.

ಬೆಚ್ಚಗಿನ ಬಣ್ಣಕ್ಕೆ ಇನ್ನೊಂದು ಕಾರಣ ಹುಳ. ಮುಂಗಾರು ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಎದ್ದು ಬರತ್ತಲ್ಲ, ಅವಕ್ಕೆ ನೀಲಿ ಅಂಶ ಜಾಸ್ತಿ ಇರೋ ಬೆಳಕು ಕಂಡ್ರೆ ಬಂದು ಮುತ್ಕೊಳತ್ತೆ, ಹಳದಿ ಬೆಳಕಿಗೂ ಬರತ್ತೆ ಆದ್ರೆ ಕಮ್ಮಿ. ಹಂಚಿನ ಮನೇಲಿ ಸೂರಿನ ಸಂದಿ ಪೂರ್ತಿ ಮುಚ್ಚೋಕಾಗಲ್ಲ, ಹುಳ ಒಳಗೆ ಬಂದೇ ಬರತ್ತೆ. ಅದಕ್ಕೇ ಬಾಯಿ ಮೇಲಕ್ಕಿರೋ ಬಟ್ಟಲು ಥರದ ಗಾಜಿನ ಶೇಡ್ ಯಾವ ಕಾರಣಕ್ಕೂ ಬೇಡ, ಒಂದೇ ವಾರಕ್ಕೆ ಸತ್ತ ಹುಳದ ಕಪ್ಪು ತಳದಲ್ಲಿ ಕೂತ್ಕೊಳತ್ತೆ. ತೊಲೆ ಮೇಲಿನ ಪ್ರೊಫೈಲ್ ಎರಡೂ ತುದಿಲಿ ಮುಚ್ಚಳ ಹಾಕಿರೋದೇ ಆಗ್ಬೇಕು, ದೀಪಾವಳಿ ಮನೆ ಕ್ಲೀನಿಂಗ್ ಟೈಮಲ್ಲಿ ಒಂದ್ಸಲ ಒರಸಿದ್ರೆ ಆಯ್ತು. ಜಗಲಿಗೆ, ಸೂರಿನ ಕೆಳಗೆ ಹಾಕೋದು ಮಾತ್ರ ಐಪಿ 65 (ಧೂಳು, ನೀರು ಒಳಗೆ ಹೋಗದ ದರ್ಜೆ) ಇರ್ಲಿ, ಎರಚಲು ಅಲ್ಲಿವರ್ಗೂ ಬರತ್ತೆ.

ಶಾಂಡ್ಲಿಯರ್ ಹಾಕ್ಬಾರ್ದು ಅಂತ ನಾನು ಹೇಳಲ್ಲ, ನಿಮ್ಮನೆಯವ್ರ ಆಸೆ ಇದೆ, ಹಾಲ್ ಕೂಡ ತಡ್ಕೊಳ್ಳೋ ಅಷ್ಟು ದೊಡ್ಡದಿದೆ. ಹಾಲ್‌ನ ಉದ್ದ ಅಗಲದ ಅಡಿ ಕೂಡಿಸಿ ಅಷ್ಟು ಇಂಚು ಅಗಲದ ಶಾಂಡ್ಲಿಯರ್ ಅಂತ ಅಂಗಡಿಯವ್ರು ಒಂದು ಲೆಕ್ಕ ಹೇಳ್ತಾರೆ, ನಿಮ್ಮದಕ್ಕೆ 40 ಇಂಚು ಬರತ್ತೆ. ತೊಲೆಗಳು ಆಗ್ಲೇ ಮೇಲಿನ ಜಾಗನ ಭಾಗ ಮಾಡಿರೋದ್ರಿಂದ 30 ಇಂಚಿನ ಒಳಗಿದ್ರೆ ನೋಡೋಕೆ ಹಿತ. ಮಧ್ಯದ ತೊಲೆಯಿಂದ ಇಳಿಬಿಡಿ. ಕೆಳತುದಿ ನೆಲದಿಂದ 7 ಅಡಿಗಿಂತ ಕೆಳಗೆ ಬರ್ಬಾರ್ದು, ಕೆಳಗೆ ಟೀಪಾಯಿ ಇದ್ದು ಯಾರೂ ಓಡಾಡಲ್ಲ ಅಂದ್ರೆ ಸ್ವಲ್ಪ ಇಳಿದ್ರೂ ಪರವಾಗಿಲ್ಲ. ನೆತ್ತಿಯ ಫ್ರೇಮಿಗೆ ನೇತು ಹಾಕೋ ಯೋಚನೆ ಬಿಡಿ, ಅಲ್ಲಿಗೆ ಯಾರು ಹತ್ತೋದು? ಬಲ್ಬ್ ಹೋದಾಗ್ಲೆಲ್ಲ ಅಡಿಕೆ ಕೊಯ್ಯೋ ಏಣಿ ಹಾಲ್ ಒಳಗೆ ತರೋದು ಆಗದ ಮಾತು. ಸ್ಟೂಲ್ ಮೇಲೆ ನಿಂತು ಕೈಗೆ ಸಿಗದ ಲೈಟ್ ವರ್ಷ ಕಳೀತಾ ಧೂಳು ಹಿಡಿದು ಮಂಕಾಗತ್ತೆ, ಕೆಟ್ರೆ ಕೆಟ್ಟೇ ಇರತ್ತೆ. ಹರಳಿನ ಗೊಂಚಲು ಬೇಡ ಅನ್ನೋದೂ ಅದಕ್ಕೇ, ಜೇಡ, ತೇವ, ಬೂಸ್ಟು ಎಲ್ಲ ಸೇರಿ ಎರಡು ವರ್ಷಕ್ಕೆ ಅದರ ಹೊಳಪು ಹೋಗಿರತ್ತೆ. ಹಿತ್ತಾಳೆದು, ಶೇಡ್ ಕೆಳಮುಖ ಇರೋದು, ಆರೆಂಟು ಬಲ್ಬಿನ ಸರಳವಾದದ್ದು ನೋಡಿ. ಭಾರ 10 ಕೆಜಿ ದಾಟೋದಾದ್ರೆ ಬಡಗಿ ಹತ್ರ ತೊಲೆ ತೋರ್ಸಿ, ಗೆದ್ದಲು ತಿಂದ ಗುರುತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಸ್ಕ್ರೂ ಅಲ್ಲ, ತೊಲೆಯಲ್ಲಿ ಆರಪಾರ ಬೋಲ್ಟ್ ಹಾಕ್ಸಿ ಕೊಕ್ಕೆ ಮಾಡ್ಸಿ. ತೊಲೆ ಇಲ್ಲದೆ ಇಳಿಜಾರಿಗೇ ನೇತು ಹಾಕ್ಬೇಕಾದ ಮನೆಯವ್ರು ಸರಪಳಿ ಅಥವಾ ವೈರಲ್ಲಿ ಇಳಿಯೋದು ತಗೊಳಿ, ಅದು ತಾನೇ ನೆಟ್ಟಗೆ ನಿಲ್ಲತ್ತೆ, ಗಟ್ಟಿ ರಾಡ್‌ದಾದ್ರೆ ಬುಡದಲ್ಲಿ ತಿರುಗೋ ಗುಂಡು ಇರ್ಲೇಬೇಕು ಇಲ್ದಿದ್ರೆ ರಾಡ್ ಓರೆಯಾಗಿ ನಿಲ್ಲತ್ತೆ.

ಫ್ಯಾನ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಲೈಟ್ ಕೆಡಿಸೋದು ಅದೇ. ಲೈಟು ಫ್ಯಾನ್ ರೆಕ್ಕೆಗಿಂತ ಮೇಲಿದ್ದು ಬೆಳಕು ರೆಕ್ಕೆ ಹಾದು ಕೆಳಗೆ ಬಂದ್ರೆ ಇಡೀ ರೂಮ್ ಪಟಪಟ ಅಂತ ಮಿನುಗತ್ತೆ, ಹತ್ತು ನಿಮಿಷ ಕೂತ್ರೆ ತಲೆ ನೋಯತ್ತೆ. ನಿಮ್ಮಲ್ಲಿ ಫ್ಯಾನ್ ತೊಲೆಗಳ ಮಧ್ಯೆ ಉದ್ದ ರಾಡಲ್ಲಿ ಇಳಿದು ರೆಕ್ಕೆ ಎಂಟೂವರೆ ಒಂಬತ್ತು ಅಡಿಗೆ ಬರತ್ತೆ, ಸ್ಪಾಟ್‌ಗಳು 10 ಅಡಿಲಿ. 48 ಇಂಚಿನ ಫ್ಯಾನಿನ ರೆಕ್ಕೆ ತುದಿಗೂ ತೊಲೆಗೂ ಮಧ್ಯೆ ಒಂಬತ್ತೇ ಇಂಚು ಉಳಿಯೋದು. ಹಾಗಾಗಿ ಫ್ಯಾನ್ ಇರೋ ನೇರದಲ್ಲಿ ತೊಲೆ ಮೇಲೆ ಸ್ಪಾಟ್ ಬೇಡ, ಪಕ್ಕಕ್ಕೆ ಎರಡು ಮೂರು ಅಡಿ ಸರಿಸಿ, ಮುಖ ಫ್ಯಾನ್ ಕಡೆ ತಿರುಗಿಸ್ಬೇಡಿ. ಎಲೆಕ್ಟ್ರಿಷಿಯನ್ ಪಾಯಿಂಟ್ ಗುರುತು ಹಾಕೋವಾಗ ಫ್ಯಾನಿನ ವೃತ್ತಾನ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ, ಆಗ ಸರಿಯಾಗಿ ಗೊತ್ತಾಗತ್ತೆ.

ಮಳೆಗಾಲದಲ್ಲಿ ನಮ್ಮ ಕಡೆ ಹಗಲೂ ಕತ್ತಲೆ. ಜೂನಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕ್ಬೇಕು, ಕರೆಂಟ್ ಇದ್ರೆ. ಹಾಗಾಗಿ ಗಾಜಿನ ಹಂಚು ಮರೀಬೇಡಿ, ಹಾಲ್‌ಗೆ ನಾಲ್ಕರಿಂದ ಆರು, ಸಾಧ್ಯ ಇದ್ರೆ ಉತ್ತರದ ಇಳಿಜಾರಲ್ಲಿ, ಅಲ್ಲಿ ವರ್ಷದ ಹೆಚ್ಚಿನ ದಿನ ನೇರ ಬಿಸಿಲು ಕಮ್ಮಿ. ನಿಮಗೆ ಒಳಗೆ ಸೀಲಿಂಗ್ ಹಂಚೂ ಇರೋದ್ರಿಂದ ಅದೇ ನೇರಕ್ಕೆ ಒಳಗಡೆನೂ ಜಾಗ ಬಿಡ್ಬೇಕು, ಹಂಚು ಹೊದಿಸೋ ಮುಂಚೆ ಮೇಸ್ತ್ರಿಗೆ ಹೇಳಿ. ಪಾಚಿ ಕಟ್ಟತ್ತೆ, ವರ್ಷಕ್ಕೊಮ್ಮೆ ತೊಳಿಸ್ಬೇಕು.

ವೈರಿಂಗ್ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿ ಹೇಳ್ತೀನಿ. ಏಪ್ರಿಲ್ ಮೇ ಗುಡುಗು ಮಿಂಚಿಗೆ ಎಲ್‌ಇಡಿ ಡ್ರೈವರ್‌ಗಳು (ಕರೆಂಟನ್ನ ಎಲ್‌ಇಡಿಗೆ ಹೊಂದಿಸಿ ಕೊಡೋ ಡಬ್ಬಿ) ಒಟ್ಟೊಟ್ಟಿಗೆ ಹೋಗೋದು ನಮ್ಮ ಕಡೆ ಎಲ್ಲರ ಮನೇಲೂ ನಡೆಯೋದೇ. ಮೇನ್ ಬೋರ್ಡಲ್ಲಿ ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ವೋಲ್ಟೇಜ್ ಏರೋದನ್ನ ತಡೆಯೋ ಸಾಧನ) ಹಾಕ್ಸಿ, ಅರ್ಥಿಂಗ್ ಸರಿಯಿಲ್ದೆ ಅದು ಕೆಲಸ ಮಾಡಲ್ಲ ಅದನ್ನೂ ಚೆಕ್ ಮಾಡ್ಸಿ, 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಆಫ್ ಮಾಡೋ ಸ್ವಿಚ್) ಇರ್ಲೇಬೇಕು. ಮಾಡಿನ ಒಳಗೆ ಹೋಗೋ ವೈರೆಲ್ಲ ಪೈಪಲ್ಲೇ ಹೋಗ್ಲಿ, ಬಿಡಿ ವೈರನ್ನ ಇಲಿ ಕಡಿದು ಕಬ್ಬಿಣದ ಫ್ರೇಮಿಗೆ ತಾಗಿದ್ರೆ ಇಡೀ ಮಾಡಿಗೇ ಕರೆಂಟ್ ಬರತ್ತೆ, ಫ್ರೇಮಿಗೂ ಅರ್ಥ್ ಕೊಡ್ಸಿ. ತೊಲೆ ಮೇಲ್ಭಾಗದಲ್ಲಿ ಪೈಪ್ ಹಾದು ಹೋದ್ರೆ ಕೆಳಗಿಂದ ಕಾಣಲ್ಲ. ಸ್ಟ್ರಿಪ್‌ನ ಡ್ರೈವರ್‌ಗಳನ್ನ ತೊಲೆ ಮೇಲೆ ಇಡ್ಬೇಡಿ, ಗೋಡೆಲಿ ಕೈಗೆ ಸಿಗೋ ಕಡೆ ಒಂದು ಬಾಕ್ಸ್ ಮಾಡ್ಸಿ ಅದರೊಳಗೆ ಎಲ್ಲ ಒಟ್ಟಿಗೆ, ಗಾಳಿ ಆಡೋ ಹಾಗೆ ಇರ್ಲಿ. ಸ್ವಿಚ್ ಬೇರೆ ಬೇರೆ: ಮಾಡಿನ ಸ್ಟ್ರಿಪ್ ಒಂದು, ಎರಡು ತೊಲೆಗಳ ಸ್ಪಾಟ್ ಎರಡು, ಶಾಂಡ್ಲಿಯರ್ ಒಂದು, ಓದೋ ಲೈಟ್ ಅದರ ಪಾಡಿಗೆ. ಒಂದು ತೊಲೆ ಸ್ಪಾಟ್ ಮತ್ತು ಓದೋ ಲೈಟ್ ಇನ್ವರ್ಟರ್‌ಗೆ ಕೊಡ್ಸಿ. ಡಿಮ್ಮರ್ ಆಸೆ ಇದ್ರೆ ಡಿಮ್ ಆಗೋ ಡ್ರೈವರ್ ಅಂತ ಕೇಳಿಯೇ ತಗೋಬೇಕು, ಸಾಮಾನ್ಯ ಎಲ್‌ಇಡಿಗೆ ಡಿಮ್ಮರ್ ಹಾಕಿದ್ರೆ ಮಿಣುಕತ್ತೆ, ಬೇಗ ಹಾಳಾಗತ್ತೆ.

ಜಿಪ್ಸಮ್‌ಗೆ ಇಟ್ಟ ದುಡ್ಡು ಇದಕ್ಕೆಲ್ಲ ಉಪಯೋಗಿಸಿ. ಹಂಚಿನ ಮಾಡಲ್ಲದೆ ಇಳಿಜಾರು ಕಾಂಕ್ರೀಟ್ ಸ್ಲ್ಯಾಬ್ ಹಾಕ್ಸೋರು ಈ ಉತ್ತರ ಓದ್ತಾ ಇದ್ರೆ ಅವ್ರಿಗೆ ಒಂದು ಮಾತು, ಸ್ಲ್ಯಾಬ್ ಹಾಕೋ ದಿನಕ್ಕೆ ಮುಂಚೆ ಪಾಯಿಂಟ್ ತೀರ್ಮಾನ ಆಗಿರ್ಬೇಕು, ಡೌನ್‌ಲೈಟೇ ಬೇಕು ಅಂದ್ರೆ ಒಳಗಿನ ದೀಪ ಕನಿಷ್ಠ 30 ಡಿಗ್ರಿ ವಾಲಿಸೋಕೆ ಬರೋ ಮಾಡೆಲ್ ತಗೊಂಡು ಕೂರ್ಸಿದ ಮೇಲೆ ಅದನ್ನ ನೆಲದ ಕಡೆ ತಿರುಗಿಸಿ.

ಕೊನೇದಾಗಿ, ಏನೂ ಖರೀದಿ ಮಾಡೋ ಮುಂಚೆ ಒಂದು ಸಂಜೆ ಟ್ರಯಲ್ ನೋಡಿ. ಉದ್ದ ವೈರಿಗೆ ಎರಡು ಮೂರು ಹೋಲ್ಡರ್ ಕಟ್ಟಿ, ಒಂದಕ್ಕೆ ಬೆಳ್ಳಗಿನ ಬಲ್ಬ್, ಒಂದಕ್ಕೆ ಹಳದಿ, ತೊಲೆಗೆ ನೇತು ಹಾಕಿ ಎತ್ತರ ಬದ್ಲಾಯ್ಸಿ ನೋಡಿ. ಅತ್ತೆಯವ್ರನ್ನ ಅವರ ಕುರ್ಚಿಲಿ ಕೂರ್ಸಿ ಪೇಪರ್ ಕೊಡಿ, ಅವರು ಹೇಳಿದ ಎತ್ತರಕ್ಕೆ ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿ. ಗೋಡೆ ಪ್ಲಾಸ್ಟರ್ ಆಗಿಲ್ಲ ಅಂದ್ರೆ ಈ ವಾರವೇ ಇದನ್ನ ಮಾಡಿ, ಪಾಯಿಂಟ್ ಸರಿಸೋದು ಈಗ ಒಂದು ಗಂಟೆ ಕೆಲಸ. ಲೈಟ್ ತಂದಾಗ ಅದೇ ಮಾಡೆಲ್‌ನ ಒಂದೆರಡು ಸ್ಪಾಟ್, ಒಂದು ಡ್ರೈವರ್ ಜಾಸ್ತಿನೇ ತಗೊಂಡಿಡಿ, ಮೂರು ವರ್ಷ ಬಿಟ್ಟು ಹುಡುಕಿದ್ರೆ ಅದೇ ಬಣ್ಣದ್ದು ಸಿಗೋದು ಕಷ್ಟ.